ಕಾಯುವವರ ದುಡ್ಡೇ ಕಾಯಿಸುವವರ ಬಂಡವಾಳ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಂಥ ಕೈಗಾರಿಕಾ ಪ್ರದೇಶದಲ್ಲಿ ಎರಡು ಬಗೆಯ ಉದ್ಯಮಗಳು ಒಂದೇ ರಸ್ತೆಯಲ್ಲಿ ಬದುಕುತ್ತವೆ. ದೊಡ್ಡ ಗೇಟು, ಸೆಕ್ಯುರಿಟಿ ಕ್ಯಾಬಿನ್ನು, ಲಾರಿಗಳ ಸಾಲು ಇರುವ ಕಾರ್ಖಾನೆಗಳು ಒಂದು ಬಗೆ. ಶೀಟು ಹೊದಿಸಿದ ಶೆಡ್ಡಿನೊಳಗೆ ಒಂದೆರಡು ಲೇತು, ಒಂದು ಮಿಲ್ಲಿಂಗ್ ಮಷೀನು, ಆರೆಂಟು ಹುಡುಗರು, ಬಾಗಿಲ ಪಕ್ಕ ಡೆಲಿವರಿ ಚಲನ್ ಬರೆಯುವ ಮೇಜು ಇಟ್ಟುಕೊಂಡವು ಇನ್ನೊಂದು ಬಗೆ. ದೊಡ್ಡವರ ವಾಹನಕ್ಕೆ, ಯಂತ್ರಕ್ಕೆ ಬೇಕಾದ ಬುಷ್ಷು, ಪಿನ್ನು, ಬ್ರಾಕೆಟ್ಟುಗಳು ಅಳತೆಗೆ ಬರುವುದು ಈ ಶೆಡ್ಡುಗಳಲ್ಲಿ.

ಶೆಡ್ಡಿನ ಮಾಲೀಕನನ್ನು ಕೇಳಿದರೆ ತಾನು ಸಾಲಗಾರ ಎನ್ನುತ್ತಾನೆ. ಮಷೀನ್ ಲೋನಿನ ಕಂತಿದೆ, ಒಡವೆ ಸಾಲವಿದೆ, ಕೈಸಾಲವೂ ಇದೆ. ಆದರೆ ಲೆಕ್ಕದ ಪುಸ್ತಕ ಬಿಚ್ಚಿದರೆ ಅವನು ಸಾಲ ಕೊಟ್ಟವನೂ ಹೌದು. ತನಗಿಂತ ಎಷ್ಟೋ ದೊಡ್ಡವರಿಗೆ, ಬಡ್ಡಿಯಿಲ್ಲದೆ, ಪತ್ರವಿಲ್ಲದೆ, ಜಾಮೀನಿಲ್ಲದೆ ಲಕ್ಷಗಟ್ಟಲೆ ಕೊಟ್ಟು ಕೂತಿದ್ದಾನೆ. ಆ ಸಾಲಕ್ಕೆ ಬಾಕಿ ಬಿಲ್ಲು ಎಂದು ಹೆಸರು.

ಬಡ ದೇಶಗಳಲ್ಲಿ ದುಡ್ಡಿಲ್ಲ, ಅದಕ್ಕೇ ಅವು ಹಿಂದುಳಿದಿವೆ ಎಂಬ ಮಾತನ್ನು ಕೇಳುತ್ತಲೇ ಬಂದಿದ್ದೇವೆ. ಅದು ಅರ್ಧ ಸತ್ಯ. ದುಡಿದದ್ದಕ್ಕೆ ಯಾರು ಎಷ್ಟು ದಿನ ಕಾಯಬೇಕು, ಕಾಯುವ ದಿನಗಳ ಬಡ್ಡಿಯನ್ನು ಯಾರು ಹೊರಬೇಕು ಎಂಬುದನ್ನು ತೀರ್ಮಾನಿಸುವುದು ಒಂದು ದೇಶದ ಹಣಕಾಸು ವ್ಯವಸ್ಥೆ. ಆ ಹೊರೆ ಚಿಕ್ಕವರ ಹೆಗಲ ಮೇಲೆ ಬಿದ್ದಿರುವಲ್ಲಿ ಅಭಿವೃದ್ಧಿ ಕುಂಟುತ್ತದೆ. ಇದನ್ನು ಕಾಣಲು ನ್ಯೂಯಾರ್ಕಿಗೋ ನೈರೋಬಿಗೋ ಹೋಗಬೇಕಿಲ್ಲ, ಪಿಲ್ಲಗುಂಪೆಯಂಥ ಕಡೆಯ ಬಿಲ್ಲು ಸಾಕು.

ಒಂದು ಶೆಡ್ಡಿನ ಲೆಕ್ಕ

ತಿಂಗಳಿಗೆ 10 ಲಕ್ಷ ರೂಪಾಯಿಯ ಜಾಬ್ ವರ್ಕ್ ಮಾಡುವ ಘಟಕವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕಚ್ಚಾ ಮಾಲು ಗಿರಾಕಿ ಕಂಪನಿಯದೇ. ಕಡೆದು, ಕೊರೆದು, ಅಳತೆಗೆ ತಂದು ಕೊಡುವುದಷ್ಟೇ ಇವರ ಕೆಲಸ. ಮಾಲು ಹೋಯಿತು, ಚಲನ್ ಮೇಲೆ ಸೀಲು ಬಿತ್ತು. ಆದರೆ ದಿನ ಎಣಿಸುವುದು ಅಲ್ಲಿಂದ ಶುರುವಾಗುವುದಿಲ್ಲ. ಗಿರಾಕಿಯ ಸ್ಟೋರ್ಸಿನಲ್ಲಿ ಇನ್‌ಸ್ಪೆಕ್ಷನ್ ಮುಗಿಯಬೇಕು, ಕಂಪ್ಯೂಟರಿನಲ್ಲಿ ಮಾಲು ಸ್ವೀಕರಿಸಿದ ದಾಖಲೆ (ಜಿಆರ್‌ಎನ್) ಏರಬೇಕು, ಬಿಲ್ಲು ಪರ್ಚೇಸಿನಿಂದ ಅಕೌಂಟ್ಸಿಗೆ ಹೋಗಬೇಕು. ಆಮೇಲೆ 60 ದಿನ, 90 ದಿನ.

ನಡುವೆ ಫೋನು ಹೋಗುತ್ತದೆ. "ಮೇಡಂ, ಏಳನೇ ತಾರೀಕು ಹುಡುಗರಿಗೆ ಸಂಬಳ ಕೊಡ್ಬೇಕು, ಅರ್ಧನಾದ್ರೂ ಹಾಕಿಸಿಕೊಡಿ." ಆ ಕಡೆಯಿಂದ ಉತ್ತರ ಬರುತ್ತದೆ: "ಪಾಸಾಗಿದೆ ಸಾರ್, ಮುಂದಿನ ಪೇಮೆಂಟ್ ಸೈಕಲ್‌ನಲ್ಲಿ ಬರುತ್ತೆ." ಆ ಕುರ್ಚಿಯಲ್ಲಿ ಕೂತ ಹೆಣ್ಣುಮಗಳ ಕೈಯಲ್ಲೂ ಏನೂ ಇರುವುದಿಲ್ಲ.

90 ದಿನದ ಗಡುವೆಂದರೆ ಈ ಘಟಕದ 30 ಲಕ್ಷ ರೂಪಾಯಿ ಸದಾ ಹೊರಗೇ ಇರುತ್ತದೆ. ಒಂದು ಬಿಲ್ಲು ಬರುವ ಹೊತ್ತಿಗೆ ಇನ್ನೊಂದು ಸೇರಿಕೊಳ್ಳುವುದರಿಂದ ಆ ಮೊತ್ತ ಕರಗುವುದೇ ಇಲ್ಲ. ಶೇ 12ರ ಬಡ್ಡಿ ಹಿಡಿದರೂ ವರ್ಷಕ್ಕೆ 3.6 ಲಕ್ಷ ರೂಪಾಯಿ ಖರ್ಚು. ಅದರ ಮೇಲೆ ಜಿಎಸ್‌ಟಿ. ಶೇ 18ರಂತೆ ತಿಂಗಳಿಗೆ 1.8 ಲಕ್ಷ ತೆರಿಗೆ ಲೆಕ್ಕವಾಗುತ್ತದೆ. ಮಾಲು ಇವರದಲ್ಲ, ಖರ್ಚಿನ ಬಹುಪಾಲು ಸಂಬಳ ಮತ್ತು ಕರೆಂಟು, ಹಾಗಾಗಿ ಈ ತೆರಿಗೆಯಲ್ಲಿ ಕಳೆಯಲು ಸಿಗುವ ಇನ್‌ಪುಟ್ ಕ್ರೆಡಿಟ್ಟು ಕಡಿಮೆ. ಗಿರಾಕಿಯಿಂದ ಬಿಡಿಗಾಸು ಬಾರದಿದ್ದರೂ ಮುಂದಿನ ತಿಂಗಳ 20–25ನೇ ತಾರೀಕಿನೊಳಗೆ ಸರ್ಕಾರಕ್ಕೆ ಕಟ್ಟಲೇಬೇಕು.

ಕಾಯುವ ಆ ಮೂರು ತಿಂಗಳನ್ನು ದಾಟುವುದು ಹೇಗೆ? ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ (ಸಿಸಿ) ಲಿಮಿಟ್ ಕೇಳಿದರೆ ಆಸ್ತಿ ಪತ್ರ ತನ್ನಿ ಎನ್ನುತ್ತಾರೆ. ಶೆಡ್ಡು ಬಾಡಿಗೆಯದು. ಜಾಮೀನಿಲ್ಲದ ಸಾಲಕ್ಕೆ ಖಾತರಿ ಕೊಡುವ ನಿಧಿಯನ್ನು ಕೇಂದ್ರ ಸರ್ಕಾರ 2000ದಲ್ಲೇ ಸ್ಥಾಪಿಸಿದೆ. ಆದರೂ ಕೌಂಟರಿನ ಮುಂದೆ ನಿಂತವನಿಗೆ ಮೊದಲು ಕೇಳಿಬರುವ ಪ್ರಶ್ನೆ ಆಸ್ತಿಯದೇ. ಹಾಗಾಗಿ ಮನೆಯಾಕೆಯ ಒಡವೆ ಅಡಮಾನಕ್ಕೆ ಹೋಗುತ್ತದೆ. ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಬೇಕಾಗುತ್ತದೆ. ಅದೂ ಸಾಲದಿದ್ದರೆ ನೂರಕ್ಕೆ ಎರಡು, ಮೂರು ರೂಪಾಯಿಯ ಕೈಸಾಲ. ತಿಂಗಳ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುವ ಆ ಬಡ್ಡಿ ವರ್ಷಕ್ಕೆ ಶೇ 24, ಶೇ 36 ಆಗುತ್ತದೆ.

ಹೊರಗೆ ನಿಂತ ಆ 30 ಲಕ್ಷ ಒಂದು ಹೊಸ ಸಿಎನ್‌ಸಿ ಲೇತಿನ ಬೆಲೆ. ಆ ಮಷೀನು ಬಂದಿದ್ದರೆ ಇನ್ನಿಬ್ಬರು ಆಪರೇಟರುಗಳಿಗೆ ಕೆಲಸ ಸಿಗುತ್ತಿತ್ತು, ಇನ್ನೂ ನಯವಾದ ಅಳತೆಯ ಆರ್ಡರು ಹಿಡಿಯಬಹುದಿತ್ತು. ಅಭಿವೃದ್ಧಿ ಎಂದು ನಾವು ಕರೆಯುವುದು ಇಂಥ ಸಾವಿರಾರು ಮಷೀನುಗಳನ್ನೇ. ಅವು ಬಾರದೆ ಉಳಿದದ್ದು ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ.

ಸ್ವೀಡನ್ನಿನ ಬಡ್ಡಿ, ಹೊಸಕೋಟೆಯ ಬಡ್ಡಿ

ಹೊಸಕೋಟೆಗೂ ಸ್ವೀಡನ್ನಿಗೂ ಹಳೆಯ ನಂಟು. ಅಲ್ಲಿನ ವೋಲ್ವೋ ಕಂಪನಿ 1998ರಲ್ಲಿ ಹೊಸಕೋಟೆ ಬಳಿ ಟ್ರಕ್ ಕಾರ್ಖಾನೆ ತೆರೆಯಿತು. ಸ್ವೀಡನ್ನಿನ ಕೇಂದ್ರ ಬ್ಯಾಂಕು 1668ರಲ್ಲಿ ಹುಟ್ಟಿದ್ದು, ಜಗತ್ತಿನಲ್ಲೇ ಅತ್ಯಂತ ಹಳೆಯದು. 2015ರ ಫೆಬ್ರುವರಿಯಿಂದ 2019ರ ಕೊನೆಯವರೆಗೆ ಆ ಬ್ಯಾಂಕಿನ ನೀತಿ ಬಡ್ಡಿದರ ಸೊನ್ನೆಗಿಂತ ಕೆಳಗಿತ್ತು. ಅದೇ ಅವಧಿಯಲ್ಲಿ ನಮ್ಮ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 7.75ರಿಂದ ಶೇ 5.15ರ ನಡುವೆ ಇತ್ತು. ಅದು ಬ್ಯಾಂಕುಗಳಿಗೆ ಸಿಗುವ ದರ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸಣ್ಣ ಘಟಕಕ್ಕೆ ಬರುವಾಗ ಬಡ್ಡಿ ಎರಡಂಕಿ ದಾಟಿರುತ್ತದೆ. ಮೈಕ್ರೊಫೈನಾನ್ಸಿನ ಸಂಘದ ಸಾಲ ಪಡೆಯುವ ಕಾರ್ಮಿಕ ಹೆಣ್ಣುಮಗಳಿಗೆ ಬರುವಾಗ ಶೇ 20 ಮೀರಿರುತ್ತದೆ.

ಈ ಅಂತರವೆಲ್ಲ ಅನ್ಯಾಯದ್ದೇ ಎನ್ನಲಾಗದು. ಬೆಲೆಯೇರಿಕೆ ಹೆಚ್ಚಿರುವ ದೇಶದಲ್ಲಿ ಬಡ್ಡಿಯೂ ಹೆಚ್ಚಿರುತ್ತದೆ. ರೂಪಾಯಿ ಇಳಿಯುವ ಭಯಕ್ಕೂ ಒಂದು ಬೆಲೆಯಿದೆ. ಸಾಲ ಕೊಡುವವನಿಗೆ ಸಾಲಗಾರನ ಪೂರ್ವಾಪರ ಗೊತ್ತಿಲ್ಲದಿದ್ದರೆ ಆ ಅನುಮಾನವನ್ನೂ ಬಡ್ಡಿಯಲ್ಲಿ ಸೇರಿಸುತ್ತಾನೆ. ಕೋರ್ಟಿನ ವಿಳಂಬವೂ ಸೇರುತ್ತದೆ. ವ್ಯಾಪಾರದ ಒಪ್ಪಂದವೊಂದನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲು ದೆಹಲಿ, ಮುಂಬೈಗಳ ಲೆಕ್ಕದಲ್ಲಿ ಭಾರತದಲ್ಲಿ 1,445 ದಿನ, ದಕ್ಷಿಣ ಕೊರಿಯಾದಲ್ಲಿ 290 ದಿನ ಬೇಕೆಂದು ವಿಶ್ವಬ್ಯಾಂಕು 2020ರ ತನ್ನ ವರದಿಯಲ್ಲಿ ಲೆಕ್ಕ ಹಾಕಿತ್ತು. ನಾಲ್ಕು ವರ್ಷ ಕೋರ್ಟು ಅಲೆಯಬೇಕೆಂದು ಗೊತ್ತಿರುವ ಬ್ಯಾಂಕು ಪತ್ರವಿಲ್ಲದವನನ್ನು ಹತ್ತಿರ ಸೇರಿಸುವುದಿಲ್ಲ. ನಾಲ್ಕು ವರ್ಷ ಅಲೆಯಲಾರದ ಸಣ್ಣ ಉದ್ಯಮಿ ಬಾಕಿ ಇಟ್ಟವನ ಮೇಲೆ ದಾವೆ ಹೂಡುವುದಿಲ್ಲ. ವಿಳಂಬ ಒಂದೇ, ಅದರ ಏಟು ಎರಡು ಕಡೆಯಿಂದಲೂ ಚಿಕ್ಕವನಿಗೆ.

ಎರಡಾಣೆ ಕಲಿಸಿದ್ದು

ಹಣಕಾಸು ಬೆಳೆದರೆ ದೇಶ ಬೆಳೆಯುತ್ತದೆಯೋ, ದೇಶ ಬೆಳೆದ ಮೇಲೆ ಹಣಕಾಸು ಹಿಂಬಾಲಿಸುತ್ತದೆಯೋ ಎಂಬುದು ಅರ್ಥಶಾಸ್ತ್ರಜ್ಞರ ಹಳೆಯ ಜಗಳ. ಹೊಸ ಉದ್ಯಮಕ್ಕೆ ದಾರಿ ತೆರೆಯುವವನು ಬ್ಯಾಂಕರು ಎಂದು ಜೋಸೆಫ್ ಶುಂಪೀಟರ್ 1911ರಲ್ಲೇ ವಾದಿಸಿದರು. ಉದ್ಯಮ ಮುಂದೆ ನಡೆದರೆ ಹಣಕಾಸು ಹಿಂದೆ ಬರುತ್ತದೆ ಎಂಬುದು 1952ರಲ್ಲಿ ಜೋನ್ ರಾಬಿನ್ಸನ್ ಇಟ್ಟ ವಾದ. ರಾಬರ್ಟ್ ಕಿಂಗ್ ಮತ್ತು ರಾಸ್ ಲೆವಿನ್ 1960ರಿಂದ 1989ರವರೆಗಿನ 80 ದೇಶಗಳ ಅಂಕಿಅಂಶ ಇಟ್ಟುಕೊಂಡು 1993ರಲ್ಲಿ ಶುಂಪೀಟರ್ ಕಡೆಗೆ ತೂಗಿದರು. ಬ್ಯಾಂಕಿಂಗ್ ಬೇರುಬಿಟ್ಟ ದೇಶಗಳೇ ಮುಂದಿನ ವರ್ಷಗಳಲ್ಲಿ ಹೆಚ್ಚು ವೇಗವಾಗಿ ಬೆಳೆದಿದ್ದವು.

ಕನ್ನಡ ನಾಡಿಗೆ ಇದು ಪುಸ್ತಕದ ಮಾತಾಗಿರಲಿಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದರು. ಮರುವರ್ಷ, 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. 1913ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಮೈಸೂರು ಬ್ಯಾಂಕ್ ಶುರುವಾಯಿತು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕನ್ನು ಕಟ್ಟಿದ್ದೇ ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲು. 1928ರಲ್ಲಿ ಅದು ಪಿಗ್ಮಿ ಯೋಜನೆ ತಂದಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಪಡೆಯುತ್ತಿದ್ದರು. ಮೀನು ಮಾರುವವರ, ಅಂಗಡಿಯವರ, ಕೂಲಿಯವರ ಚಿಲ್ಲರೆ ಕಾಸು ಸೇರಿ ಬಂಡವಾಳವಾಯಿತು. ದಿನವೂ ಕಟ್ಟುವವನ ಶಿಸ್ತನ್ನು ಕಣ್ಣಾರೆ ಕಂಡ ಬ್ಯಾಂಕಿಗೆ ಅವನನ್ನು ನಂಬಲು ಆಸ್ತಿ ಪತ್ರ ಬೇಕಾಗಲಿಲ್ಲ. ಊರಿನ ಪರಿಚಯವನ್ನೇ ಜಾಮೀನು ಮಾಡಿಕೊಂಡದ್ದು ಈ ಬ್ಯಾಂಕುಗಳ ದೊಡ್ಡ ಸಾಧನೆ.

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಬ್ಯಾಂಕಿರುವ ಊರಿನಲ್ಲಿ ಹೊಸದೊಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ಶಾಖೆ ತೆರೆಯಬೇಕೆಂಬ ನಿಯಮ 1977ರಿಂದ 1990ರವರೆಗೆ ಜಾರಿಯಲ್ಲಿತ್ತು. ಆ ಅವಧಿಯನ್ನು ಅಧ್ಯಯನ ಮಾಡಿದ ರಾಬಿನ್ ಬರ್ಗೆಸ್ ಮತ್ತು ರೋಹಿಣಿ ಪಾಂಡೆ, ಶಾಖೆಗಳು ಹಳ್ಳಿಗೆ ಹೋದದ್ದರಿಂದ ಗ್ರಾಮೀಣ ಬಡತನ ತಗ್ಗಿತು ಎಂದು 2005ರಲ್ಲಿ ತೋರಿಸಿಕೊಟ್ಟರು. ವಸೂಲಾಗದ ಸಾಲಗಳು ಬೆಳೆದದ್ದೂ ಅದೇ ಕಾಲದ ಕಥೆ. ಆದರೆ ಕೆರೆ ತುಂಬಿದ ಮಾತ್ರಕ್ಕೆ ನೀರಾವರಿ ಆಗುವುದಿಲ್ಲ, ಕೊನೆಯ ಗದ್ದೆಗೆ ನೀರು ಮುಟ್ಟಬೇಕು ಎಂಬ ಅರಿವು ಆ ನೀತಿಯಲ್ಲಿತ್ತು.

ಇಂದು ಬಹುತೇಕ ಎಲ್ಲರಿಗೂ ಖಾತೆಯಿದೆ. 2014ರ ಜನಧನ್ ಯೋಜನೆ 50 ಕೋಟಿಗೂ ಹೆಚ್ಚು ಖಾತೆ ತೆರೆಸಿದೆ. ಯುಪಿಐ ಬಂದು ಎಳನೀರಿನ ಗಾಡಿಯಲ್ಲೂ ಸ್ಕ್ಯಾನರು ಅಂಟಿದೆ. ನಾವು ಕೊಡುವ 40 ರೂಪಾಯಿ ಎಳನೀರಿನವನಿಗೆ ಕಣ್ಣು ಮಿಟುಕಿಸುವುದರೊಳಗೆ ತಲುಪುತ್ತದೆ. ಹಣ ಸಾಗಿಸುವ ತಂತ್ರಜ್ಞಾನದಲ್ಲಿ ಶ್ರೀಮಂತ ದೇಶಗಳೇ ನಮ್ಮತ್ತ ನೋಡುತ್ತಿವೆ. ಅಂಥ ನಮ್ಮ ದೇಶದಲ್ಲೇ ಸಣ್ಣ ಘಟಕದ 10 ಲಕ್ಷದ ಬಿಲ್ಲು ಮೂರು ತಿಂಗಳು ಕೂರುತ್ತದೆಂದರೆ ಅಡ್ಡಿಯಿರುವುದು ತಂತ್ರಜ್ಞಾನದಲ್ಲಲ್ಲ, ಬಲಾಬಲದಲ್ಲಿ.

ಕಾನೂನಿದೆ, ದೂರು ಕೊಡುವವರಿಲ್ಲ

ಕಾನೂನಿನ ಕೊರತೆಯೇನೂ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಘಟಕಗಳ ಬಾಕಿಯನ್ನು ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ತೀರಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿನ ಚಕ್ರಬಡ್ಡಿ. ತಕರಾರು ಬಗೆಹರಿಸಲು ರಾಜ್ಯಗಳಲ್ಲಿ ಸೌಲಭ್ಯ ಮಂಡಳಿಗಳಿವೆ, 2017ರಿಂದ ಆನ್‌ಲೈನಿನಲ್ಲೇ ದೂರು ಕೊಡಬಹುದು.

ಆದರೆ ಬಾಕಿ ಇಟ್ಟ ಗಿರಾಕಿಯೇ ನಾಳಿನ ಆರ್ಡರ್ ಕೊಡಬೇಕಾದವನು. ದೂರು ಕೊಟ್ಟ ದಿನ ಹಳೆಯ ದುಡ್ಡು ಬಂದೀತು, ಹೊಸ ಪರ್ಚೇಸ್ ಆರ್ಡರು ಬಾರದು. ಮೂರು ಪಟ್ಟು ಬಡ್ಡಿ ಕೇಳುವ ಹಕ್ಕು ಕಾಗದದ ಮೇಲಿದೆ. ಅದನ್ನು ಬಿಲ್ಲಿನಲ್ಲಿ ಬರೆಯುವ ಧೈರ್ಯ ಮಾಡುವವರು ಅಪರೂಪ.

2023–24ರ ಆರ್ಥಿಕ ವರ್ಷದಿಂದ ಆದಾಯ ತೆರಿಗೆಯ ದಾರಿಯಲ್ಲಿ ಇನ್ನೊಂದು ಒತ್ತಡ ಬಂತು. ಗಡುವಿನೊಳಗೆ ಸಣ್ಣ ಘಟಕಕ್ಕೆ ಹಣ ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ, ನಿಜವಾಗಿ ಪಾವತಿಸಿದ ವರ್ಷವಷ್ಟೇ ಕಳೆಯಬಹುದು. ಇದು ಸರಿಯಾದ ಜಾಗಕ್ಕೇ ತಾಕುವ ನಿಯಮ. ಹಾಗಿದ್ದೂ ಆರ್ಡರುಗಳು ಬೇರೆಡೆಗೆ ಹೋಗಿಬಿಟ್ಟಾವು ಎಂಬ ಅಳುಕನ್ನು ಸಣ್ಣ ಉದ್ಯಮಿಗಳೇ ತೋಡಿಕೊಂಡರು. ಬಿಲ್ಲುಗಳನ್ನು ಆನ್‌ಲೈನಿನಲ್ಲಿ ಹರಾಜಿಗಿಟ್ಟು ಬ್ಯಾಂಕುಗಳಿಂದ ಮುಂಗಡ ಪಡೆಯುವ ಟ್ರೆಡ್ಸ್ ವೇದಿಕೆಗಳು 2017ರಲ್ಲಿ ಶುರುವಾದವು. ಅಲ್ಲಿ ಬಡ್ಡಿ ನಿಂತಿರುವುದು ಕೊಳ್ಳುವ ದೊಡ್ಡ ಕಂಪನಿಯ ಯೋಗ್ಯತೆಯ ಮೇಲೆ, ಆದ್ದರಿಂದ ಸಣ್ಣವನಿಗೆ ಅಗ್ಗ. 2024ರ ನವೆಂಬರಿನ ಆದೇಶದಂತೆ 250 ಕೋಟಿ ರೂಪಾಯಿ ಮೀರಿ ವಹಿವಾಟಿರುವ ಕಂಪನಿಗಳು ಅಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಆದರೆ ಸಣ್ಣ ಶೆಡ್ಡಿನ ಗಿರಾಕಿ ಎಷ್ಟೋ ಸಲ ಆ ದೊಡ್ಡ ಕಂಪನಿಯಲ್ಲ, ಅದಕ್ಕೆ ಮಾಲು ಒದಗಿಸುವ ಮಧ್ಯಮ ಗಾತ್ರದ ಇನ್ನೊಬ್ಬ ವೆಂಡರು. ಅವನು 250 ಕೋಟಿಯ ಗೆರೆಯ ಕೆಳಗಿರುತ್ತಾನೆ. ನೋಂದಾಯಿಸಿಕೊಂಡವರೂ ಎಲ್ಲ ಬಿಲ್ಲುಗಳನ್ನು ಅಲ್ಲಿಗೆ ತರಬೇಕೆಂಬ ಕಟ್ಟುಪಾಡಿಲ್ಲ.

ಜಪಾನಿನ ಉದಾಹರಣೆ ಇಲ್ಲಿ ನೆನೆಯಬೇಕು. ಉಪಗುತ್ತಿಗೆಯ ಹಣ ಕೊಡಲು ತಡ ಮಾಡುವುದನ್ನು ತಡೆಯುವ ಕಾನೂನನ್ನು ಅದು ತಂದದ್ದು 1956ರಲ್ಲಿ, ಯುದ್ಧದ ಬೂದಿಯಿಂದ ಏಳುತ್ತಿದ್ದ ಹೊತ್ತಿನಲ್ಲಿ. ಮಾಲು ಕೈಸೇರಿದ 60 ದಿನದೊಳಗೆ ಪಾವತಿಯಾಗಬೇಕು ಎಂಬುದು ಅದರ ಕಟ್ಟುಪಾಡು. ದೊಡ್ಡ ಕಾರ್ಖಾನೆಯ ಸುತ್ತ ಸಣ್ಣ ವರ್ಕ್‌ಶಾಪುಗಳ ಹಿಂಡು ಬೆಳೆದದ್ದು ಇಂಥ ರಕ್ಷಣೆಯ ಜೊತೆಜೊತೆಗೆ. ತಡ ಪಾವತಿಗೆ ಬಡ್ಡಿ ಎಂಬ ಕಾನೂನು ಭಾರತದಲ್ಲಿ ಮೊದಲು ಬಂದದ್ದು 1993ರಲ್ಲಿ. ಶ್ರೀಮಂತವಾದ ಮೇಲೆ ನೋಡಿಕೊಳ್ಳೋಣ ಎಂದು ಜಪಾನ್ ಕಾಯಲಿಲ್ಲ. ಹಾಗೆಂದು ಶ್ರೀಮಂತ ದೇಶಗಳಲ್ಲಿ ಈ ರೋಗ ಇಲ್ಲವೆಂದೂ ಅಲ್ಲ. ಐರೋಪ್ಯ ಒಕ್ಕೂಟ 2011ರಲ್ಲಿ ನಿರ್ದೇಶನ ಹೊರಡಿಸಿ ಸರ್ಕಾರಿ ಕಚೇರಿಗಳಿಗೆ ಸಾಮಾನ್ಯವಾಗಿ 30 ದಿನ, ಕಂಪನಿಗಳಿಗೆ 60 ದಿನ ಎಂದು ಗಡುವು ಹಾಕಬೇಕಾಯಿತು. ಆದರೆ ಅಲ್ಲಿ ಕಾಯುವವನಿಗೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ, ಕೋರ್ಟಿನ ಬಾಗಿಲು ಹತ್ತಿರವಿದೆ. ಇಲ್ಲಿ ಎರಡೂ ದೂರ.

ಹಾಲಿನ ಬಟವಾಡೆ

ಚಿಕ್ಕವನಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಕೊಡುವುದು ನಮ್ಮ ನೆಲದಲ್ಲಿ ಆಗದ ಕೆಲಸವೇ? ಉತ್ತರ ಇದೇ ತಾಲ್ಲೂಕಿನ ಹಳ್ಳಿಗಳಲ್ಲಿದೆ. ಬೆಂಗಳೂರು ಹಾಲು ಒಕ್ಕೂಟದ ವ್ಯಾಪ್ತಿಯ ಸಂಘಗಳಲ್ಲಿ ಬೆಳಿಗ್ಗೆ, ಸಂಜೆ ಹಾಲು ಅಳೆಯುತ್ತಾರೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ ಅಲ್ಲೇ ದಾಖಲಾಗುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಆಗುತ್ತದೆ. ಒಂದೇ ಹಸು ಕಟ್ಟಿದವರಿಗೂ ಹತ್ತು ಹಸು ಕಟ್ಟಿದವರಿಗೂ ಅದೇ ದಿನ. ವಿಶ್ವಬ್ಯಾಂಕಿನ ನೆರವಿನಿಂದ 1970ರ ದಶಕದ ನಡುವಿನಲ್ಲಿ ಶುರುವಾದ ಈ ಏರ್ಪಾಡು, 1984ರಿಂದ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ಆಗಿ ಬೆಳೆದಿದೆ.

ಬಟವಾಡೆಯ ದಿನ ಗೊತ್ತಿದ್ದರೆ ಮೇವಿನ ಅಂಗಡಿಯವನು ಕಡ ಕೊಡುತ್ತಾನೆ, ಬ್ಯಾಂಕು ಹಸು ಸಾಲ ಕೊಡುತ್ತದೆ, ಮಕ್ಕಳ ಫೀಸಿಗೆ ದಿನ ಹೇಳಬಹುದು. ಯಾವ ದಿನ ದುಡ್ಡು ಬರುತ್ತದೆಂಬ ಖಾತರಿಯೇ ಜಾಮೀನಾಗುತ್ತದೆ. ಇದರಲ್ಲೇ ಇನ್ನೊಂದು ಪಾಠವೂ ಇದೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬಿದ್ದಾಗ ರೈತರು ದನಿ ಎತ್ತಬೇಕಾಗಿ ಬಂದಿದೆ. ಸಂಘದ ಬಟವಾಡೆ ಬಂದರೂ ಖಜಾನೆಯ ಹಣ ಬಾರದಿದ್ದರೆ ಕಾಯುವ ಹೊರೆ ಮತ್ತೆ ಹಟ್ಟಿಗೇ ಬೀಳುತ್ತದೆ.

ಶೆಡ್ಡಿನಿಂದ ಮನೆಗೆ

ಬಿಲ್ಲು ತಡವಾದರೆ ಸಂಬಳ ತಡವಾಗುತ್ತದೆ. ಬಾಡಿಗೆ ರೂಮಿನಲ್ಲಿರುವ ಕಾರ್ಮಿಕನಿಗೆ ಹತ್ತು ದಿನದ ತಡವೂ ದೊಡ್ಡದೇ. ಬಾಡಿಗೆ, ರೇಷನ್ನು, ಊರಿಗೆ ಕಳಿಸುವ ಹಣ ಯಾವುದೂ ನಿಲ್ಲುವುದಿಲ್ಲ. ಆಗ ಮನೆಯ ಹೆಣ್ಣುಮಗಳು ಸಂಘದ ಸಾಲಕ್ಕೆ ಸಹಿ ಹಾಕುತ್ತಾಳೆ. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ, ಅದನ್ನು ತೀರಿಸಲು ಮೂರನೆಯದು. 2022ರಿಂದ ಮೈಕ್ರೊಫೈನಾನ್ಸ್ ಬಡ್ಡಿಯನ್ನು ಆಯಾ ಸಂಸ್ಥೆಗಳೇ ನಿಗದಿ ಮಾಡಿಕೊಳ್ಳಲು ರಿಸರ್ವ್ ಬ್ಯಾಂಕು ಬಿಟ್ಟಿದೆ. ಕುಟುಂಬದ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂಬ ಮಿತಿಯೂ ಅದೇ ನಿಯಮದಲ್ಲಿದೆ.

ವಸೂಲಿಗಾರರ ಕಿರುಕುಳಕ್ಕೆ ಬೇಸತ್ತು ಜನ ಮನೆ ಬಿಟ್ಟು ಹೋದ, ಜೀವ ಕಳೆದುಕೊಂಡ ಸುದ್ದಿಗಳು ರಾಜ್ಯದ ನಾನಾ ಕಡೆಯಿಂದ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಅದು ಬೇಕಿತ್ತು. ಆದರೆ ಸಾಲ ವಸೂಲಿಯ ಕ್ರೌರ್ಯವನ್ನು ತಡೆದಷ್ಟೇ ಗಟ್ಟಿಯಾಗಿ, ಆ ಸಾಲ ಬೇಕಾಗುವಂತೆ ಮಾಡಿದ ತಡ ಪಾವತಿಯನ್ನೂ ತಡೆಯಬೇಕು. ವಾರದ ಕಂತು ಒಂದು ದಿನ ತಡವಾದರೆ ಮನೆಮುಂದೆ ಬಂದು ಕೂರುವ ವ್ಯವಸ್ಥೆ, 30 ಲಕ್ಷ ಮೂರು ತಿಂಗಳು ತಡವಾದರೆ ಸುಮ್ಮನಿರುತ್ತದೆ. ಇದಕ್ಕಿಂತ ದೊಡ್ಡ ಅಸಮಾನತೆ ಬೇಕೇ?

ಹೆಚ್ಚಾದರೂ ಕಷ್ಟ

ಹಾಗಾದರೆ ಸಾಲ ಹೆಚ್ಚು ಹರಿದರೆ ಎಲ್ಲ ಸರಿಹೋಗುತ್ತದೆಯೇ? ಅದಕ್ಕೆ ಉತ್ತರ ಕೊಟ್ಟದ್ದು ಶ್ರೀಮಂತ ದೇಶಗಳ ಅನುಭವ. ಅಮೆರಿಕದಲ್ಲಿ ಮನೆ ಸಾಲಗಳ ಮೇಲೆ ಸಾಲ ಪೇರಿಸಿ, ಪತ್ರಗಳನ್ನು ಕೈಯಿಂದ ಕೈಗೆ ಮಾರಿ, ಕೊನೆಗೆ 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಖಾಸಗಿ ವಲಯದ ಸಾಲ ಒಟ್ಟು ದೇಶೀಯ ಉತ್ಪನ್ನಕ್ಕೆ ಸರಿಸಮನಾಗಿ ಬೆಳೆದ ಮೇಲೆ ಹಣಕಾಸು ಬೆಳವಣಿಗೆಗೆ ಪೋಷಕವಾಗುವ ಬದಲು ಮಾರಕವಾಗತೊಡಗುತ್ತದೆ ಎಂದು ಆರ್ಕಾಂಡ್, ಬರ್ಕೆಸ್, ಪಾನಿಝಾ ಎಂಬ ಅರ್ಥಶಾಸ್ತ್ರಜ್ಞರು ಆನಂತರ ಅಂದಾಜಿಸಿದರು. ಭಾರತದಲ್ಲಿ ಈ ಪ್ರಮಾಣ ಸುಮಾರು ಅರ್ಧ. ನಾವು ಬೆಳೆಯಲು ಜಾಗವಿದೆ. ಆದರೆ ಆ ಜಾಗವನ್ನು ಮೊಬೈಲ್ ಕೊಳ್ಳುವ ಸಾಲ, ಆ್ಯಪ್ ಸಾಲಗಳು ತುಂಬಿಬಿಟ್ಟರೆ ಶೆಡ್ಡಿಗೆ ಮಷೀನು ಬರುವುದಿಲ್ಲ.

ಆಗಬೇಕಾದ ಕೆಲಸಗಳು ಆಗದಂಥವೇನಲ್ಲ. ಮೊದಲಿಗೆ ಸರ್ಕಾರಿ ಇಲಾಖೆಗಳು, ನಿಗಮಗಳು 45 ದಿನದ ನಿಯಮವನ್ನು ತಾವೇ ಪಾಲಿಸಲಿ. ಸಣ್ಣ ಘಟಕಗಳಿಗೆ 45 ದಿನ ಮೀರಿ ಇಟ್ಟ ಬಾಕಿಯನ್ನು ಕಂಪನಿಗಳು ಆರು ತಿಂಗಳಿಗೊಮ್ಮೆ ಕಂಪನಿ ರಿಜಿಸ್ಟ್ರಾರರಿಗೆ ತಿಳಿಸಬೇಕೆಂಬ ನಿಯಮ 2019ರಿಂದ ಇದೆ. ಆ ಮಾಹಿತಿ ಕೈಗಾರಿಕಾ ಪ್ರದೇಶವಾರು, ಕನ್ನಡದಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದ ಫಲಕದ ಮೇಲೆ ಎಲ್ಲರಿಗೂ ಕಾಣಲಿ. ದೂರು ಕೊಡುವ ಹೊಣೆಯನ್ನು ಒಬ್ಬಂಟಿ ಮಾಲೀಕನ ಮೇಲೆ ಹಾಕದೆ, ಕಾಸಿಯಾದಂಥ ಸಣ್ಣ ಕೈಗಾರಿಕಾ ಸಂಘಗಳು ಸದಸ್ಯರ ಪರವಾಗಿ ಮಂಡಳಿಯ ಮುಂದೆ ಹೋಗುವ ಅವಕಾಶ ಸಿಗಲಿ. ಬಿಲ್ಲಿನ ಹಣ ಕೈಸೇರಿದ ಮೇಲೆ ಜಿಎಸ್‌ಟಿ ಕಟ್ಟುವ ಅನುಕೂಲ ಸಣ್ಣವರಿಗೆ ದೊರೆಯಲಿ. ಬ್ಯಾಂಕುಗಳು ಆಸ್ತಿ ಪತ್ರದ ಬದಲು ತಿಂಗಳ ರಿಟರ್ನು, ಬಿಲ್ಲು, ಚಲನ್ ನೋಡಿ ಸಾಲ ಕೊಡಲಿ. ದಿನಕ್ಕೆ ಎರಡಾಣೆ ಕಟ್ಟುವವನನ್ನು ನಂಬಿ ಬೆಳೆದ ಬ್ಯಾಂಕಿಂಗ್ ಪರಂಪರೆಗೆ ಇದು ಹೊಸ ವಿದ್ಯೆಯೇನಲ್ಲ.

ಸಣ್ಣ ಘಟಕಗಳು ಕೇಳುತ್ತಿರುವುದು ಸಬ್ಸಿಡಿಯಲ್ಲ, ಸಾಲಮನ್ನಾವೂ ಅಲ್ಲ. ಮಾಡಿ ಮುಗಿಸಿದ ಕೆಲಸದ ದುಡ್ಡು ಒಪ್ಪಿದ ದಿನ ಕೈಸೇರಲಿ ಎಂದಷ್ಟೇ ಅವು ಕೇಳುತ್ತಿವೆ. ಕಾಯುವ ಹೊರೆಯನ್ನು ಹೊರಬಲ್ಲವರ ಹೆಗಲಿಗೆ ದಾಟಿಸಿದ ದೇಶಗಳಲ್ಲಿ ಸಣ್ಣ ವರ್ಕ್‌ಶಾಪುಗಳು ಬೆಳೆದು ದೊಡ್ಡ ಹೆಸರು ಮಾಡಿವೆ. ನಮ್ಮಲ್ಲೂ ಕೈಯಲ್ಲಿ ಕಸುಬಿದೆ, ಬ್ಯಾಂಕಿದೆ, ಕಾನೂನಿದೆ. 45 ದಿನ ಎಂದರೆ 45 ದಿನ ಎಂದು ಗಟ್ಟಿಯಾಗಿ ಹೇಳುವ ಸರ್ಕಾರ, ಆ ಮಾತಿಗೆ ನಡೆದುಕೊಳ್ಳುವ ದೊಡ್ಡ ಉದ್ಯಮಗಳು ಬೇಕು. ಅಷ್ಟಾದರೆ ಪಿಲ್ಲಗುಂಪೆಯಂಥ ಕಡೆಯ ಶೆಡ್ಡುಗಳು ತಮ್ಮ ದುಡ್ಡಿನಲ್ಲೇ ತಮ್ಮ ಮುಂದಿನ ಮಷೀನು ಕೊಳ್ಳಬಲ್ಲವು.